ಸಂಜೀವಣ್ಣನ ಟೊಕೊನಾಮೆ

ನಗರಗಳನ್ನು ಕಟ್ಟುವುದು ಅರಸರ ಹಂಬಲ, ಶಿಲ್ಪಿಗಳ ಪ್ರತಿಭೆ ಮತ್ತು ಕಾಲದ ಕೃಪೆ ಎಂದು ತಿಳಿದವರು ಹೇಳುತ್ತಾರೆ. ನಾನು ಕಣ್ಣಾರೆ ಕಂಡ ಮಟ್ಟಿಗೆ ನಗರವೊಂದನ್ನು ಕಟ್ಟಿದವರು ಸಂಜೀವ ಮೂಲ್ಯರು. ಅದನ್ನವರು ಶುಕ್ರವಾರಗಳಲ್ಲಿ, ಲುಂಗಿ ಎತ್ತಿ ಕಟ್ಟಿಕೊಂಡು, ಒಡೆದ ಒಳಚರಂಡಿ ಪೈಪುಗಳಿಂದ ಕಟ್ಟಿದರು.

ನಗರ ಜಪಾನಿನದು, ಹೆಸರು ಟೊಕೊನಾಮೆ. ಅವರು ಅದನ್ನು ಕಟ್ಟಿದ್ದು ಕುವೈತಿನ ದಕ್ಷಿಣ ಭಾಗದ ವಫ್ರಾದಲ್ಲಿ, ಒಂದು ಖರ್ಜೂರದ ತೋಟದ ಅಂಚಿಗೆ. ಇಡೀ ನಗರವನ್ನಲ್ಲ, ಅದರ ಒಂದು ಓಣಿಯನ್ನು. ಓಣಿ ಎಂದರೂ ಅದರ ಒಂದು ಬದಿಯ ಗೋಡೆಯನ್ನು ಮಾತ್ರ. ಆದರೆ ಸಂಜೀವಣ್ಣನ ಎದುರು ಇಂಥ ತಿದ್ದುಪಡಿಗಳನ್ನು ಮಂಡಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಆಳು ಎತ್ತರ. ಮೀಸೆ ಪೊಲೀಸ್ ಇಲಾಖೆಗೆ ಸಲ್ಲಬೇಕಾದದ್ದು, ದಾರಿ ತಪ್ಪಿ ಇವರ ಮುಖಕ್ಕೆ ಬಂದಿತ್ತು. ಸುಲೈಬಿಯಾದಲ್ಲಿ ನಮ್ಮ ಕಂಪನಿಯ ಪೈಪಿನ ಯಾರ್ಡಿಗೆ ಅವರು ಇನ್‌ಚಾರ್ಜ್. ನಾನು ಅದೇ ಕಂಪನಿಯ ಖರೀದಿ ವಿಭಾಗದಲ್ಲಿ ಕುರ್ಚಿ ಸವೆಸುತ್ತಿದ್ದವನು. ಕಾಗದದ ಮೇಲೆ ನಾನು ಅವರಿಗಿಂತ ದೊಡ್ಡವನು. ಇದನ್ನು ಅವರಿಗೆ ಯಾರೂ ತಿಳಿಸಿರಲಿಲ್ಲವೆಂದು ಕಾಣುತ್ತದೆ.

ಅವರಿಗೊಂದು ಅಭ್ಯಾಸವಿತ್ತು. ಮಣ್ಣಿನಿಂದ ಮಾಡಿ ಸುಟ್ಟ ಯಾವ ವಸ್ತು ಕಂಡರೂ ಬೆರಳ ಗಂಟಿನಿಂದ ಒಮ್ಮೆ ತಟ್ಟಿ, ತಲೆ ಓರೆ ಮಾಡಿ ಕಿವಿಗೊಡುತ್ತಿದ್ದರು. ಚಹಾದ ಕಪ್ಪು, ಹೂಕುಂಡ, ಕೈತೊಳೆಯುವ ಬೇಸಿನ್, ಯಾವುದಕ್ಕೂ ವಿನಾಯಿತಿ ಇಲ್ಲ. ಒಮ್ಮೆ ಎಗೈಲಾದ ಮಾಲಿನಲ್ಲಿ, ಪ್ರದರ್ಶನಕ್ಕಿಟ್ಟಿದ್ದ ದುಬಾರಿ ಕಮೋಡೊಂದರ ಮುಂದೆ ಮಂಡಿಯೂರಿ ಅದಕ್ಕೆ ಕಿವಿ ಹಚ್ಚಿ ಕುಳಿತರು. ಸೇಲ್ಸ್‌ಮನ್ ಗಾಬರಿಯಾಗಿ ಓಡಿಬಂದ.

"ಅಂಕಲ್, ಎನಿ ಪ್ರಾಬ್ಲಮ್?"

"ನನಗಿಲ್ಲ. ಇದಕ್ಕುಂಟು," ಎಂದರು ಸಂಜೀವಣ್ಣ ಎದ್ದು ಮಂಡಿ ಕೊಡವುತ್ತ. "ಹೊಟ್ಟೆಯೊಳಗೆ ಬಿರುಕುಂಟು."

ಬಿರುಕು ಇತ್ತೋ ಇಲ್ಲವೋ ದೇವರಿಗೇ ಗೊತ್ತು. ಜೊತೆಗಿದ್ದ ನಾನೂ ಹಮೀದಾಕನೂ ಅಷ್ಟರಲ್ಲಿ ಪಕ್ಕದ ಅಂಗಡಿಯ ಪರದೆಗಳನ್ನು ಬಹಳ ಆಸಕ್ತಿಯಿಂದ ಪರಿಶೀಲಿಸುತ್ತಿದ್ದೆವು. ಹಮೀದಾಕ ನಮ್ಮ ಕಂಪನಿಯ ಹಾಫ್ ಲಾರಿ ಓಡಿಸುತ್ತಿದ್ದ ಬಂಟ್ವಾಳದ ಬ್ಯಾರಿ. ಸಂಜೀವಣ್ಣನ ಪರಮ ಮಿತ್ರ, ಪರಮ ಟೀಕಾಕಾರ.

ಸಂಜೀವಣ್ಣನ ಅಜ್ಜ ಗುರುಪುರ ಹೊಳೆಯ ಬದಿಯಲ್ಲಿ ಗಡಿಗೆ ಮಾಡುತ್ತಿದ್ದವರು. ಅಪ್ಪನ ಕಾಲಕ್ಕೆ ತಿಗರಿ ನಿಂತಿತು. ಅಪ್ಪ ಹಂಚಿನ ಕಾರ್ಖಾನೆ ಸೇರಿದರು, ಮಗನೂ ಸೇರಿದ. ಮನೆಗಳೆಲ್ಲ ಕಾಂಕ್ರೀಟ್ ಟೊಪ್ಪಿ ಹಾಕಿಕೊಳ್ಳತೊಡಗಿದ ಮೇಲೆ ಕಾರ್ಖಾನೆಗೂ ಬೀಗ ಬಿತ್ತು. ಅದರ ಚಿಮಣಿ ಕೆಡವಿದ ದಿನದ ಬಗ್ಗೆ ಅವರು ನನ್ನಲ್ಲಿ ಒಮ್ಮೆ ಮಾತ್ರ ಮಾತಾಡಿದ್ದರು.

"ಬೀಳಿಸುವುದನ್ನು ನೋಡ್ಲಿಕ್ಕೆ ನಾನು ಹೋಗ್ಲಿಲ್ಲ ರಾಯರೇ. ಮರುದಿನ ಬೆಳಿಗ್ಗೆ ಎದ್ದು ಹೊಳೆ ಕಡೆ ನೋಡ್ತೇನೆ, ಆಕಾಶ ಜಾಸ್ತಿ ಉಂಟು. ಅಷ್ಟು ಆಕಾಶ ಎಂತಕ್ಕೆ ಮನುಷ್ಯನಿಗೆ?"

ಅಂಥವರು ಕುವೈತಿಗೆ ಬಂದರು. ಇಲ್ಲಿ ಆಕಾಶವನ್ನು ಬಿಟ್ಟರೆ ಬೇರೇನೂ ಇಲ್ಲ.

ತೊಂಬತ್ತರ ದಶಕದ ಕೊನೆಗೆ ನಮ್ಮ ಕಂಪನಿಗೆ ಒಂದು ಪಂಪ್ ಸ್ಟೇಷನ್ನಿನ ಕೆಲಸ ಸಿಕ್ಕಿತು. ಪಂಪು ಕೂರಿಸಲು ಜಪಾನಿನಿಂದ ಇಟೊ ಸಾನ್ ಎಂಬ ಮೇಲ್ವಿಚಾರಕರು ಬಂದರು. ಗಿಡ್ಡ ಆಳು, ಮಾತು ಕಡಿಮೆ. ಮೊದಲ ದಿನವೇ ಯಾರ್ಡು ನೋಡಲು ಬಂದವರು ರಾಶಿ ಹಾಕಿದ್ದ ಮಣ್ಣಿನ ಪೈಪುಗಳ ಎದುರು ಗಕ್ಕನೆ ನಿಂತರು. ಮೆಲ್ಲನೆ ಹತ್ತಿರ ಹೋಗಿ ಒಂದನ್ನು ಬೆರಳ ಗಂಟಿನಿಂದ ತಟ್ಟಿ, ತಲೆ ಓರೆ ಮಾಡಿದರು. ಅದೇ ಪೈಪಿನ ಇನ್ನೊಂದು ತುದಿಯಲ್ಲಿ ಸಂಜೀವಣ್ಣ ಬಾಗಿ ಅದನ್ನೇ ತಟ್ಟಿ ತಲೆ ಓರೆ ಮಾಡಿದ್ದರು. ಇಬ್ಬರೂ ಪೈಪಿನೊಳಗಿಂದ ಒಬ್ಬರನ್ನೊಬ್ಬರು ನೋಡಿದರು. ಎರಡು ರಾಷ್ಟ್ರಗಳ ನಡುವಿನ ಮೈತ್ರಿ ಇಷ್ಟು ಅಗ್ಗವಾಗಿ ಹಿಂದೆಂದೂ ಕುದುರಿರಲಿಕ್ಕಿಲ್ಲ.

ಇಟೊ ಸಾನ್‌ಗೆ ಕನ್ನಡ ಬಾರದು, ತುಳು ಬಾರದು, ಇಂಗ್ಲಿಷೂ ಬಡಕಲು. ಸಂಜೀವಣ್ಣನಿಗೆ ಜಪಾನಿ ಬಾರದು. ಆದರೂ ಊಟದ ಬಿಡುವಿನಲ್ಲಿ ಇಬ್ಬರೂ ಯಾರ್ಡಿನ ನೆರಳಿಗೆ ಕುಕ್ಕರಗಾಲಲ್ಲಿ ಕೂತು ಮರಳ ಮೇಲೆ ಕಡ್ಡಿಯಿಂದ ಬರೆದು ಬರೆದು ಮಾತಾಡುತ್ತಿದ್ದರು. ಇಟೊ ಸಾನ್ ಹುಟ್ಟೂರು ಟೊಕೊನಾಮೆ. ಅವರ ಬಳಿ ಅಂಗೈಯಲ್ಲಿ ಕೂರುವಂಥ ಕೆಂಪು ಮಣ್ಣಿನ ಒಂದು ಚಹಾದ ಕುಡಿಕೆ ಇತ್ತು. ಮುಂದೆ ಮೂತಿ, ಬದಿಯಲ್ಲಿ ಹಿಡಿ, ಮೈಗೆ ಹೊಳಪು ಬಳಿದಿಲ್ಲ. ಅದನ್ನು ಕಂಡ ದಿನ ಸಂಜೀವಣ್ಣ ನೇರ ನನ್ನ ಆಫೀಸಿಗೆ ಬಂದು, ಎದುರಿನ ಕುರ್ಚಿಯನ್ನು ಕೇಳದೆ ಎಳೆದುಕೊಂಡು ಕೂತರು.

"ನಮ್ಮ ಹಂಚಿನ ಮಣ್ಣೇ ರಾಯರೇ! ಬಣ್ಣ ಅದೇ, ಸ್ವರ ಅದೇ. ಆ ಊರಿನವರು ಚಹಾ ಕುಡಿಯುವುದೂ ಅದರಲ್ಲಿ, ಚರಂಡಿ ಹರಿಸಿದ್ದೂ ಅದರಲ್ಲಿ. ಮಾಡುವಾಗ ಒಡೆದದ್ದು, ಸೊಟ್ಟ ಆದದ್ದು, ಯಾವುದನ್ನೂ ಬಿಸಾಡ್ಲಿಲ್ಲವಂತೆ. ಅದರಲ್ಲೇ ಗೋಡೆ ಕಟ್ಟಿದ್ರಂತೆ, ಅದನ್ನೇ ದಾರಿಗೆ ಹಾಸಿದ್ರಂತೆ. ಚಿಮಣಿಗಳನ್ನೂ ಹಾಗೇ ನಿಲ್ಲಿಸಿದ್ದಾರಂತೆ!"

ಕೊನೆಯ ವಾಕ್ಯ ಹೇಳುವಾಗ ಅವರ ಧ್ವನಿ ಸ್ವಲ್ಪ ತಗ್ಗಿತು.

ಇಟೊ ಸಾನ್ ಊರಿಗೆ ಮರಳುವಾಗ ಒಂದು ಕ್ಯಾಲೆಂಡರಿನ ಹಾಳೆ ಹರಿದು ಕೊಟ್ಟುಹೋದರು. ಅದರಲ್ಲಿ ಟೊಕೊನಾಮೆಯ ಏರುದಾರಿಯ ಚಿತ್ರ. ಒಂದು ಬದಿಯ ಗೋಡೆ ಮಣ್ಣಿನ ಪೈಪುಗಳದ್ದು, ಇನ್ನೊಂದು ಬದಿಯದು ಹಳೆಯ ಮದ್ಯದ ಜಾಡಿಗಳದ್ದು, ಕಾಲಡಿಗೆ ಹಾಸಿದ, ಬಳೆಯಾಕಾರದ ಸುಟ್ಟ ಮಣ್ಣಿನ ಚೂರುಗಳು. ಆ ಹಾಳೆ ಸಂಜೀವಣ್ಣನ ಮಂಚದ ತಲೆಭಾಗದಲ್ಲಿ, ಕುಲದೇವರ ಪಟದ ಸ್ವಲ್ಪ ಕೆಳಗೆ, ಹೆಂಡತಿ ಮಕ್ಕಳ ಫೋಟೊದ ಸ್ವಲ್ಪ ಮೇಲೆ ನೆಲೆಸಿತು.

ಅಲ್ಲಿಂದ ನಮ್ಮ ಕಷ್ಟಕಾಲ ಶುರುವಾಯಿತು. ಬಸ್ಸು ತಡವಾದರೆ "ಟೊಕೊನಾಮೆಯಲ್ಲಿ ಹೀಗಿಲ್ಲ." ಮೆಸ್ಸಿನ ಸಾರು ನೀರಾದರೆ "ಟೊಕೊನಾಮೆಯಲ್ಲಿ ಹೀಗಿಲ್ಲ." ಕನ್ನಡ ಸಂಘದವರು ಕಂತು ಕಟ್ಟದವರ ಹೆಸರು ಮೈಕಿನಲ್ಲಿ ಓದಿದಾಗಲೂ ಅದೇ. ಭಟ್ಟಿಯ ಹೊಗೆಗೆ ಆ ಊರಿನ ಗುಬ್ಬಚ್ಚಿಗಳೂ ಕಪ್ಪಾಗಿದ್ದವು ಎಂದು ಅವರು ಹೇಳಿದ ದಿನ ಹಮೀದಾಕ ತಡೆಯಲಾರದೆ, "ಅದು ಕಾಗೆ ಸಂಜೀವಣ್ಣ. ಇಟೊ ಸಾನ್ ಮರಳಲ್ಲಿ ಕಾಗೆ ಬರೆದದ್ದು, ನೀವು ಗುಬ್ಬಿ ಅಂತ ಓದಿದ್ದು," ಎಂದ. ಸಂಜೀವಣ್ಣ ವಾರವಿಡೀ ಅವನ ಲಾರಿ ಹತ್ತಲಿಲ್ಲ.

ಒಂದು ರಾಜ್ಯೋತ್ಸವಕ್ಕೆ ಸಂಘದವರು ಯಾವ ಮೈಮರೆವಿನಲ್ಲೋ ಅವರನ್ನು "ನಮ್ಮ ನಾಡಿನ ಕುಶಲಕಲೆಗಳು" ಎಂಬ ವಿಷಯದ ಮೇಲೆ ಮಾತಾಡಲು ಕರೆದರು. ಅವರು ಮೊದಲ ವಾಕ್ಯದಲ್ಲಿ ನಾಡದೇವಿಗೆ ವಂದಿಸಿ, ಎರಡನೆಯದರಲ್ಲಿ ಟೊಕೊನಾಮೆಗೆ ಬಂದಿಳಿದರು. ಅಲ್ಲಿಂದ ಮರಳಲಿಲ್ಲ. ಅಧ್ಯಕ್ಷರು ಗಂಟೆ ಬಾರಿಸಿದರು. ಅದು ಹಿತ್ತಾಳೆಯದಾದ್ದರಿಂದ ಸಂಜೀವಣ್ಣ ಗಮನಿಸಲಿಲ್ಲ. ಕೊನೆಗೆ ಮುಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು:

"ಅಂಕಲ್, ಹ್ಯಾವ್ ಯು ಬೀನ್ ದೇರ್?"

ಸಭೆ ಖುಷಿಯಿಂದ ಮೈ ನೆಟ್ಟಗೆ ಮಾಡಿಕೊಂಡಿತು.

"ಇಲ್ಲ ಮಗಾ. ನಿನ್ನದು ಊರು ಯಾವುದು?"

"ಕಾರ್ಕಳ."

"ಎಷ್ಟು ವರ್ಷ ಇದ್ದೆ ಅಲ್ಲಿ?"

"ನೋ, ಐ ವಾಸ್ ಬಾರ್ನ್ ಹಿಯರ್. ಓನ್ಲಿ ವೆಕೇಶನ್."

"ಆದ್ರೂ ಊರು ಕಾರ್ಕಳ, ಅಲ್ವಾ? ಹಾಂ, ಕೂತ್ಕೋ."

ಈ ಟೊಕೊನಾಮೆ ಮಂಚದ ಮೇಲಿಂದ ಇಳಿದು ನೆಲಕ್ಕೆ ಬಂದದ್ದು ಕೆಲವು ವರ್ಷಗಳ ಬಳಿಕ, ಕಂಪನಿ ಯಾರ್ಡು ಖಾಲಿ ಮಾಡಲು ಹೊರಟಾಗ. ಸಾಗಾಟದಲ್ಲಿ ಒಡೆದ, ಬಾಯಿ ಚಕ್ಕೆ ಎದ್ದ ಪೈಪುಗಳು ಬೆಟ್ಟದಷ್ಟಿದ್ದವು. ಎಲ್ಲವನ್ನೂ ಕಸದ ಗುಂಡಿಗೆ ಸಾಗಿಸಿ ಎಂದು ಮೇಲಿನವರ ಅಪ್ಪಣೆ. ಸಂಜೀವಣ್ಣ ನಮ್ಮ ಕಫೀಲರಾದ, ಎಂದರೆ ವೀಸಾ ಕೊಟ್ಟ ಮಾಲೀಕರಾದ, ಅಬು ಖಾಲಿದ್ ಬಳಿಗೇ ಹೋದರು. ಅಬು ಖಾಲಿದ್ ಪಾಲಿಗೆ ಕಂಪನಿ ಒಂದು ವ್ಯವಹಾರ. ಜೀವ ಮಾತ್ರ ವಫ್ರಾದ ತೋಟದಲ್ಲಿ, ತಂದೆಯ ಕಾಲದ ಮರಗಳಿಂದ ಬಿಡಿಸಿ ನೆಟ್ಟ ಖರ್ಜೂರದ ಸಸಿಗಳಲ್ಲಿ. ಬೇಸಿಗೆಯ ಬಿರುಗಾಳಿಗೆ ಆ ಸಸಿಗಳು ವರ್ಷವರ್ಷವೂ ಮರಳಲ್ಲಿ ಹೂತುಹೋಗುತ್ತಿದ್ದವು.

"ಬಾಬಾ, ಪೈಪು ನನಗೆ ಕೊಡಿ. ಸಸಿಗೆ ನಾನು ಗೋಡೆ ಕಟ್ಟಿಕೊಡ್ತೇನೆ," ಎಂದು ಇವರು ಹಿಂದಿಯಲ್ಲಿ ಬೇಡಿದರು. ಅವರು ನಕ್ಕು ಒಪ್ಪಿದರು.

ಹಮೀದಾಕ ಶುಕ್ರವಾರ ಶುಕ್ರವಾರ ಪೈಪು ಹೇರಿಕೊಂಡು ಹೋದ. ಗೋಡೆ ಎದ್ದಿತು. ನಾವು ಊರಿನವರೆಲ್ಲ ಹೋಗಿ ನೋಡಿ, ಬಿರಿಯಾನಿ ತಿಂದು, ಹೊಗಳಿ ಬಂದೆವು. ಆ ಬೇಸಿಗೆ ಗಾಳಿ ಬೀಸಿದ್ದೇ ತಡ, ಮರಳು ಗೋಡೆಯಿಲ್ಲದ ಬದಿಯಿಂದ ಆರಾಮವಾಗಿ ಒಳಗೆ ಬಂದಿತು. ಒಳಗೆ ಬಂದ ಮೇಲೆ ಆಚೆ ಹೋಗಲು ಸಂಜೀವಣ್ಣನ ಗೋಡೆ ಬಿಡಲಿಲ್ಲ. ಸಸಿಗಳು ಹಿಂದೆಂದಿಗಿಂತ ಆಳಕ್ಕೆ ಹೂತುಹೋದವು.

"ಸಂಜೀವಣ್ಣ, ಇದನ್ನು ಈ ಮೂಲೆಗೆ ಎಂತಕ್ಕೆ ಕಟ್ಟಿದ್ದು?" ಹಮೀದಾಕ ಸೊಂಟಕ್ಕೆ ಕೈಯಿಟ್ಟು ಕೇಳಿದ. "ಗಾಳಿ ಬರುವುದು ಆಚೆಯಿಂದ, ಇರಾಕಿನ ಕಡೆಯಿಂದ!"

ಸಂಜೀವಣ್ಣ ನೈರುತ್ಯದತ್ತ ಕೈ ತೋರಿಸಿದರು. "ಕೆಟ್ಟದ್ದು ಬರುವುದು ಅಲ್ಲಿಂದ ಅಲ್ವನಾ?"

ಅಲ್ಲಿದ್ದ ಯಾರೂ ನಗಲಿಲ್ಲ. ಮಂಗಳೂರು, ಉಡುಪಿ, ಕಾರ್ಕಳದ ನಾವಿಷ್ಟು ಮಂದಿ ತಿಂಗಳುಗಟ್ಟಲೆ ಆ ಗೋಡೆ ನೋಡಿದ್ದೆವು. ಹತ್ತಿಪ್ಪತ್ತು ವರ್ಷ ಇಲ್ಲಿನ ಬಿರುಗಾಳಿಯ ಮರಳು ನುಂಗಿದವರು ನಾವು. ಆದರೂ ಗೋಡೆ ತಪ್ಪು ದಿಕ್ಕಿಗಿದೆ ಎಂದು ಒಬ್ಬರಿಗೂ ಅನಿಸಿರಲಿಲ್ಲ. ಊರಿನಲ್ಲಿ ಮಳೆ ನೈರುತ್ಯದಿಂದ ಹೊಡೆಯುತ್ತದೆ. ತೆಂಗಿನ ಗರಿಯ ತಟ್ಟಿ ಕಟ್ಟುವುದು ಆ ಬದಿಗೆ. ನಮ್ಮ ಮೈಗೆ ಗೊತ್ತಿದ್ದದ್ದು ಅದೊಂದೇ.

ಅಬು ಖಾಲಿದ್ ಬಂದು ನೋಡಿದರು. "ಸಂಜು, ಖಲಾಸ್. ನಾಳೆ ಬುಲ್ಡೋಜರ್."

ಸಂಜೀವಣ್ಣ ಅಷ್ಟು ತಗ್ಗಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಬಾಬಾ, ಏಕ್ ಗರ್ಮಿ ಔರ್. ಮುಂದಿನ ಬೇಸಿಗೆಯಲ್ಲೂ ಸಸಿ ಹೂತ್ರೆ ನಾನೇ ಬುಲ್ಡೋಜರ್ ತರ್ತೇನೆ."

ಅಬು ಖಾಲಿದ್ ಬಹಳ ಹೊತ್ತು ಮರಳನ್ನು ನೋಡಿದರು. ಆಮೇಲೆ ಒಂದೇ ಬೆರಳೆತ್ತಿ, "ಏಕ್," ಎಂದು ಕಾರು ಹತ್ತಿದರು.

ಚಳಿಗಾಲದಲ್ಲಿ ಗೋಡೆ ವಾಯವ್ಯಕ್ಕೆ ಸ್ಥಳಾಂತರವಾಯಿತು. ಫೆಬ್ರವರಿಯ ಮೊದಲ ಗಾಳಿಗೆ ಅದರ ಹೊಟ್ಟೆ ಉಬ್ಬಿತು. ಎರಡನೆಯದಕ್ಕೆ ನಡುಭಾಗ ಕುಸಿದು ಬಿತ್ತು. ಸಂಜೀವಣ್ಣ ಕ್ಯಾಲೆಂಡರಿನ ಹಾಳೆ ಹಿಡಿದುಕೊಂಡು ನನ್ನ ಕೋಣೆಗೆ ಬಂದರು.

"ಇದರಲ್ಲಿ ಮುಂದಿನ ಬದಿ ಮಾತ್ರ ಕಾಣ್ತದೆ ರಾಯರೇ. ಹಿಂದೆ ಎಂತ ಮಾಡಿದ್ದಾರೆ ಅಂತ ಗೊತ್ತಾಗುವುದಿಲ್ಲ. ನೂರು ವರ್ಷ ನಿಂತದ್ದು ಸುಮ್ಮನೆ ನಿಲ್ತದಾ?"

ಇಟೊ ಸಾನ್ ವಿಳಾಸ ಯಾರಲ್ಲೂ ಇರಲಿಲ್ಲ. ಆದರೆ ಆ ವಸಂತದಲ್ಲಿ ಹೊಸ ಪಂಪುಗಳ ತಪಾಸಣೆಗೆ ಎಂಜಿನಿಯರ್ ಜೊತೆ ನನ್ನನ್ನೂ ಜಪಾನಿಗೆ ಕಳಿಸುವುದೆಂದು ಕಂಪನಿ ತೀರ್ಮಾನಿಸಿತು. ಪಂಪಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಆ ಕಾರಣಕ್ಕೇ ನಾನು ನಿಷ್ಪಕ್ಷಪಾತಿ ಎಂದು ಅವರು ಭಾವಿಸಿರಬೇಕು. ಸಂಜೀವಣ್ಣನ ಅಪ್ಪಣೆ ಚಿಕ್ಕದಾಗಿತ್ತು: "ಪಂಪು ಹೇಗೂ ತಿರುಗ್ತದೆ. ನೀವು ಗೋಡೆಯ ಹಿಂಬದಿ ನೋಡಿ ಬನ್ನಿ."

ವಿಮಾನ ಇಳಿದದ್ದು ಸಮುದ್ರದ ಮಧ್ಯೆ ಮಣ್ಣು ತುಂಬಿ ಕಟ್ಟಿದ ಹೊಸ ನಿಲ್ದಾಣದಲ್ಲಿ. ಅದು ಟೊಕೊನಾಮೆಯದ್ದೇ ಎಂದು ಬೋರ್ಡು ನೋಡಿ ಗೊತ್ತಾದಾಗ ನನಗೆ ಒಂದು ಬಗೆಯ ಭಯವಾಯಿತು. ಅಷ್ಟು ದಿನ ಆ ಊರು ಸಂಜೀವಣ್ಣನ ಬಾಯಲ್ಲಿ ಮಾತ್ರ ಇತ್ತು.

ತಪಾಸಣೆ ಮುಗಿದ ದಿನ, ಪಂಪಿನ ಕಂಪನಿಯ ದುಭಾಷಿ ಹುಡುಗಿ ನನ್ನನ್ನು ಅಲ್ಲಿಗೆ ಕರೆದೊಯ್ದಳು. ನಾನು ಸುಲಭಕ್ಕೆ ಬೆರಗಾಗುವವನಲ್ಲ. ಖರೀದಿ ವಿಭಾಗ ಅದಕ್ಕೆ ಅವಕಾಶ ಕೊಡುವುದಿಲ್ಲ. ಆದರೆ ಆ ಏರುದಾರಿಯ ಬುಡದಲ್ಲಿ ನಿಂತಾಗ ನನ್ನ ಬಾಯಿ ಕಟ್ಟಿತು. ಎಡಕ್ಕೆ ಪೈಪುಗಳು, ಬಲಕ್ಕೆ ಜಾಡಿಗಳು, ಒಂದರ ಮೇಲೊಂದು, ಒಂದರ ಪಕ್ಕ ಒಂದು, ಸಂಜೆಯ ಬಿಸಿಲಿಗೆ ಬೆಲ್ಲದ ಬಣ್ಣ. ಕಾಲಡಿಗೆ ಭಟ್ಟಿಯಲ್ಲಿ ಪೈಪು ಕೂರಿಸಲು ಬಳಸಿ ಬಿಟ್ಟ ಮಣ್ಣಿನ ಬಳೆಗಳು, ನಡೆಯುವವರು ಜಾರದ ಹಾಗೆ ಹೂತಿದ್ದವು. ಕಪ್ಪು ಹಲಗೆಯ ಗೋಡೆಯ ಮನೆಗಳು. ಗುಡ್ಡದ ಇಳಿಜಾರಿನಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಏರಿದ ಹಳೆಯ ಭಟ್ಟಿ, ಅದರ ತಲೆಯ ಮೇಲೆ ಸಾಲು ಚಿಮಣಿ. ಇಟ್ಟಿಗೆಯ ಇನ್ನೂ ಎಷ್ಟೋ ಚಿಮಣಿಗಳು ಮನೆಗಳ ನಡುವೆ, ನಿವೃತ್ತರಾದ ಮೇಷ್ಟರುಗಳ ಹಾಗೆ, ಕೆಲಸವಿಲ್ಲದೆ ಗೌರವದಿಂದ ನಿಂತಿದ್ದವು. ಒಂದರ ಬಾಯಲ್ಲಿ ಗಿಡ ಹುಟ್ಟಿತ್ತು. ಯಾರೂ ಅದನ್ನು ಕೆಡವಿರಲಿಲ್ಲ.

ಮೊದಲ ಸಲ ಕಾಲಿಟ್ಟ ಊರಿನಲ್ಲಿ ತಿರುವುಗಳು ನನಗೆ ಮೊದಲೇ ಗೊತ್ತಿದ್ದವು. ದುಭಾಷಿ ಹುಡುಗಿ ನಕಾಶೆ ಬಿಡಿಸುವ ಮೊದಲು ನಾನು ಎಡಕ್ಕೆ ಹೊರಳಿದ್ದೆ.

ಕುಡಿಕೆ ಮಾರುವ ಒಂದು ಅಂಗಡಿಯಲ್ಲಿ ಮುದುಕಿಯೊಬ್ಬರು ಕೂತಿದ್ದರು. ಹುಡುಗಿಯ ಮೂಲಕ ಗುಬ್ಬಚ್ಚಿಯ ವಿಷಯ ಕೇಳಿದೆ. ಮುದುಕಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹೌದು, ಕಲ್ಲಿದ್ದಲು ಸುಡುವ ಕಾಲದಲ್ಲಿ ಈ ಊರಿನ ಗುಬ್ಬಚ್ಚಿ ಕಪ್ಪು ಎಂದು ಎಲ್ಲರೂ ಹೇಳುತ್ತಿದ್ದರು, ಇದು ನಿಮಗೆ ಯಾರು ಹೇಳಿದ್ದು ಎಂದು ಕೇಳಿದರು. ಕುವೈತಿನಲ್ಲಿ ಒಬ್ಬರು ಎಂದೆ. ಹುಡುಗಿ ಅದನ್ನು ಎರಡು ಸಲ ಅನುವಾದಿಸಬೇಕಾಯಿತು.

ಆಮೇಲೆ, ಗೋಡೆಯ ಹಿಂಬದಿ ನೋಡಬೇಕು ಎಂದೆ. ಈ ಸಲ ಅನುವಾದವೇ ಬರಲಿಲ್ಲ. ಹುಡುಗಿ ನನ್ನ ಮುಖ ನೋಡಿದಳು. ಕೊನೆಗೆ ಮುದುಕಿಯೇ ಅಂಗಡಿ ಬಿಟ್ಟು ಎದ್ದು, ಮೇಲಿನ ದಾರಿಯಿಂದ ಸುತ್ತಿಸಿ ಕರೆದೊಯ್ದರು. ನಾನು ಅಲ್ಲಿಂದಲೇ ಫೋನ್ ಮಾಡಿದೆ. ಕುವೈತಿನಲ್ಲಿ ಆಗಿನ್ನೂ ಬೆಳಗಿನ ಹೊತ್ತು.

"ಹಿಂಬದಿ ಇಲ್ಲ ಸಂಜೀವಣ್ಣ."

"ಇಲ್ಲ ಹೇಳಿದ್ರೆ ಎಂತ? ಗೋಡೆಗೆ ಹಿಂಬದಿ ಇಲ್ಲದೆ ಇರ್ತದಾ? ಸರಿ ನೋಡಿ ಮಾರಾಯ್ರೆ."

"ಹಿಂದೆ ಗುಡ್ಡ. ಗುಡ್ಡ ಜಾರದ ಹಾಗೆ ಗೋಡೆ ಕಟ್ಟಿದ್ದಾರೆ. ಗುಡ್ಡಕ್ಕೆ ಗೋಡೆ ಒರಗಿದೆ, ಅಷ್ಟೆ. ನಾನೀಗ ನಿಂತದ್ದು ಯಾರದೋ ಅಂಗಳದಲ್ಲಿ, ಗೋಡೆಯ ತಲೆಯ ಮೇಲೆ."

ಆ ಕಡೆ ಕ್ಯಾಲೆಂಡರಿನ ಹಾಳೆ ಬಿಡಿಸುವ ಸದ್ದು ಕೇಳಿಸಿತು.

"ಗುಬ್ಬಿ?" ಎಂದರು.

"ಕಪ್ಪೇ ಇತ್ತಂತೆ."

"ಆ ಹಮೀದನಿಗೆ ನೀವೇ ಹೇಳಿ." ಕೂಡಲೇ ಮುಂದುವರಿಸಿದರು: "ಹಾಗಾದ್ರೆ ನಮಗೂ ಗುಡ್ಡ ಬೇಕು."

"ಕುವೈತಿನಲ್ಲಿ ಗುಡ್ಡ ಎಲ್ಲಿಂದ ತರ್ತೀರಿ?"

"ತರುವುದು ಯಾಕೆ ರಾಯರೇ? ವರ್ಷವರ್ಷ ಅದೇ ಬರ್ತದಲ್ಲ."

ಫೋನು ಇಟ್ಟುಬಿಟ್ಟರು.

ನಾನು ಮರಳುವಷ್ಟರಲ್ಲಿ ಹಳೆಯ ಗೋಡೆ ಪೂರ್ತಿ ಬಿಚ್ಚಿಯಾಗಿತ್ತು. ಹೊಸದನ್ನು ಅವರು ಗಾಳಿಯನ್ನು ತಡೆಯಲು ಕಟ್ಟಲಿಲ್ಲ, ಬರಮಾಡಿಕೊಳ್ಳಲು ಕಟ್ಟಿದರು. ಕೆಳಗಿನ ಸಾಲನ್ನು ನೆಲದೊಳಗೆ ಹೂತರು. ಪೈಪುಗಳ ಹೊಟ್ಟೆಗೆ ಚೂರುಗಳನ್ನೂ ಮರಳನ್ನೂ ಒದ್ದೆ ಮಾಡಿ ಗಿಡಿದು ತುಂಬಿದರು. ಗೋಡೆಯನ್ನು ಗಾಳಿ ಬರುವ ಕಡೆಗೆ ತುಸು ವಾಲಿಸಿದರು. ಅದರಾಚೆ ಬಿದ್ದ ಮರಳನ್ನು ತೋಟದ ಆಳುಗಳು ಗುಡಿಸಲು ಹೋದರೆ ಬೈದು ಓಡಿಸಿದರು. ಅಲ್ಲಿ ಉಪ್ಪುನೀರಿಗೂ ಬದುಕುವ ಒಂದು ಜಾತಿಯ ಕುರುಚಲು ಗಿಡ ನೆಟ್ಟರು. ಈಚೆಗೆ, ಸಸಿಗಳ ಬದಿಗೆ, ಕಾಲುದಾರಿ. ಅದರ ತುಂಬ ಪೈಪುಗಳ ಒಡೆದ ಬಾಯಿಗಳು, ಬಳೆಗಳ ಹಾಗೆ ಹೂತದ್ದು.

ಜೂನ್ ತಿಂಗಳ ಬಿರುಗಾಳಿ ಆ ವರ್ಷ ದಿನಗಟ್ಟಲೆ ಬೀಸಿತು. ಹಗಲಿನಲ್ಲೇ ದೀಪ ಹಾಕಿ ಕೂತೆವು. ಸಂಜೀವಣ್ಣ ಊಟದ ಪಿಂಗಾಣಿ ತಟ್ಟೆಯನ್ನೂ ತಟ್ಟಿ ನೋಡಲಿಲ್ಲ. ಗಾಳಿ ನಿಂತ ಮರುದಿನ ಹಮೀದಾಕ ಲಾರಿ ತಂದ. ಮೂವರೂ ವಫ್ರಾಕ್ಕೆ ಹೋದೆವು. ದಾರಿಯುದ್ದಕ್ಕೂ ರಸ್ತೆಯ ಮೇಲೆ ಮರಳಿನ ನಾಲಿಗೆಗಳು.

ನಾವು ಮುಟ್ಟುವಾಗ ಅಬು ಖಾಲಿದ್ ಕಾರು ಅಲ್ಲಿತ್ತು.

ಗೋಡೆಯ ಆಚೆಗೆ ಗುಡ್ಡ ಎದ್ದಿತ್ತು. ಗೋಡೆಯ ಭುಜದವರೆಗೂ ಮರಳು ಬಂದು, ಅಲ್ಲಿ ಒರಗಿ, ನಿಂತುಬಿಟ್ಟಿತ್ತು. ಕುರುಚಲು ಗಿಡಗಳ ತುದಿ ಮಾತ್ರ ಹೊರಗೆ ಕಾಣುತ್ತಿತ್ತು. ಈಚೆಗೆ ಖರ್ಜೂರದ ಸಸಿಗಳು ಮೈಮೇಲೆ ಧೂಳು ಹೊದ್ದು, ಸಾಲಾಗಿ, ಪೂರ್ತಿ ಎತ್ತರಕ್ಕೆ ನಿಂತಿದ್ದವು. ನಾನು ಟೊಕೊನಾಮೆಯ ಏರುದಾರಿಯಲ್ಲಿ ಬಾಯಿ ಕಟ್ಟಿ ನಿಂತವನು ಇಲ್ಲಿ ಇನ್ನೊಮ್ಮೆ ಹಾಗೇ ನಿಂತೆ. ಅಲ್ಲಿ ಗುಡ್ಡ ಮೊದಲಿತ್ತು, ಗೋಡೆ ಆಮೇಲೆ ಬಂತು. ಇಲ್ಲಿ ಈ ಮನುಷ್ಯ ಗೋಡೆ ಕಟ್ಟಿ, ಗುಡ್ಡಕ್ಕೆ ಬಾ ಎಂದು ಹೇಳಿ ಕಳಿಸಿದ್ದರು.

ಅಬು ಖಾಲಿದ್ ಬಿಳಿ ನಿಲುವಂಗಿ ದಿಶ್ದಾಶದ ಅಂಚು ಎತ್ತಿ ಹಿಡಿದು, ಕಾಲುದಾರಿಯ ಈ ತುದಿಯಿಂದ ಆ ತುದಿಗೆ ನಡೆದರು. ಮರಳಿ ಬರುವಾಗ ನಡುವೆ ನಿಂತು, ಬೆರಳ ಗಂಟಿನಿಂದ ಒಂದು ಪೈಪನ್ನು ತಟ್ಟಿದರು. ತಲೆ ಓರೆ ಮಾಡಿದರು.

"ಬಾಬಾ, ಅದು ತುಂಬಿದ ಪೈಪು. ಸ್ವರ ಬರುವುದಿಲ್ಲ," ಎಂದರು ಸಂಜೀವಣ್ಣ.

ಹಮೀದಾಕ ನನ್ನ ಕಿವಿಯಲ್ಲಿ, "ಗುಬ್ಬಿ ಮಾತ್ರ ಬಾಕಿ ರಾಯರೇ, ಬಣ್ಣ ಬಳಿಯುವನಾ?" ಎಂದ.

ಮರುವರ್ಷ ಸಂಜೀವಣ್ಣ ಇಕಾಮಾ ಎಂಬ ವಾಸದ ಪರವಾನಗಿ ಮುಗಿಸಿ ಊರಿಗೆ ಹೊರಟರು. ಹೊರಡುವ ಮುನ್ನಾದಿನ ನಾನು ಟೊಕೊನಾಮೆಯ ಮುದುಕಿಯಿಂದ ಕೊಂಡು ತಂದು, ಅಂಥದೊಂದು ಗಳಿಗೆಗೆಂದೇ ಇಟ್ಟಿದ್ದ ಕೆಂಪು ಕುಡಿಕೆಯನ್ನು ಅವರ ಕೈಗಿಟ್ಟೆ. ತಟ್ಟಿದರು, ಕಿವಿಗೊಟ್ಟರು, ಕಣ್ಣು ಮುಚ್ಚಿದರು. ಆ ಕುಡಿಕೆ ಇರುವುದು ಹಾಲಿಲ್ಲದ ಹಸಿರು ಚಹಾಕ್ಕೆ, ಬೇರೇನು ಹಾಕಿದರೂ ಅದರ ಮೈ ಹೀರಿಕೊಂಡು ಕೆಡುತ್ತದೆ ಎಂದು ಮುದುಕಿ ಒತ್ತಿ ಹೇಳಿದ್ದನ್ನು ನಾನು ಸಾಂಗವಾಗಿ ವರದಿ ಮಾಡಿದೆ. ಅವರು ಎಲ್ಲವನ್ನೂ ಕೇಳಿ, ಅದರೊಳಗೆ ದಪ್ಪ ಹಾಲಿನ, ಶುಂಠಿ ಹಾಕಿದ ಚಹಾ ಸುರಿದು, ಅದರಿಂದಲೇ ನನಗೂ ಹಮೀದಾಕನಿಗೂ ಬಗ್ಗಿಸಿ ಕೊಟ್ಟರು.

"ಟೊಕೊನಾಮೆಯಲ್ಲಿ ಹೀಗಿಲ್ಲ ಸಂಜೀವಣ್ಣ," ಎಂದೆ.

"ಅವರಿಗೆ ಗೊತ್ತಿಲ್ಲ, ಪಾಪ," ಎಂದರು.

ಅದೇ ಕೊನೆಯ ಭೇಟಿ. ಊರಿಗೆ ಹೋದ ಕೆಲವು ವರ್ಷಗಳಲ್ಲಿ ಅವರು ತೀರಿಕೊಂಡರು. ಜಪಾನಿಗೆ ಹೋಗಲಿಲ್ಲ. ವಫ್ರಾದ ಗೋಡೆ ನಿಂತಿದೆ. ಸಸಿಗಳು ಫಲಕ್ಕೆ ಬಂದಿವೆ.